ಅಮೆರಿಕದ ಬಾಂಬ್ ಕಾರ್ಖಾನೆಯ ಲೆಕ್ಕ ಕೇಳುವುದು ಯಾವ ಸಮಿತಿ? ಅಣೆಕಟ್ಟಿನ ಸಮಿತಿಯಂತೆ!

ಕಡತಪ್ರಿಯ

ಮೊದಲೇ ಹೇಳಿಬಿಡುತ್ತೇನೆ, ಈ ಚರ್ಚೆಯಲ್ಲಿ ಕಾಂಗ್ರೆಸ್ ಅಂದರೆ ಪಕ್ಷ ಅಲ್ಲ, ಅಮೆರಿಕದ ಸಂಸತ್ತು. ಹೋದ ಸಲ ಈ ಗೊಂದಲ ಬಿಡಿಸುವುದರಲ್ಲೇ ಅರ್ಧ ದಿನ ಹೋಯಿತು.

2024ರ ಮಾರ್ಚ್‌ನಲ್ಲಿ ಅಲ್ಲಿ ಪಾಸಾದ ಖರ್ಚಿನ ಮಸೂದೆ ಓದುತ್ತಿದ್ದೆ. (ಹೌದು, ಬೇರೆ ಕೆಲಸ ಇಲ್ಲ ನನಗೆ.) ಅದರಲ್ಲಿ 'ಇಂಧನ ಮತ್ತು ನೀರು' ಅಂತ ಒಂದು ಭಾಗ. ಹೆಸರು ಕೇಳಿದರೆ ಅಣೆಕಟ್ಟು, ಕಾಲುವೆ, ಬಂದರಿನ ಹೂಳೆತ್ತುವುದು, ಇಷ್ಟೇ ಇರಬೇಕು ಅನಿಸುತ್ತದೆ. ಅದೂ ಇದೆ. ನದಿ, ಬಂದರು, ಪ್ರವಾಹ ತಡೆ ನೋಡಿಕೊಳ್ಳುವ ಸೇನಾ ಎಂಜಿನಿಯರ್ ದಳಕ್ಕೆ 870 ಕೋಟಿ ಡಾಲರ್ ಆಸುಪಾಸು. ಅದೇ ಭಾಗದಲ್ಲಿ ಇನ್ನಷ್ಟು ಕೆಳಗೆ ಹೋದರೆ ಎನ್‌ಎನ್‌ಎಸ್‌ಎ ಅನ್ನುವ ಸಂಸ್ಥೆಗೆ ಸುಮಾರು 2,410 ಕೋಟಿ ಡಾಲರ್.

ಪೂರ್ತಿ ಹೆಸರು ರಾಷ್ಟ್ರೀಯ ಅಣು ಭದ್ರತಾ ಆಡಳಿತ. ಅಣ್ವಸ್ತ್ರದ ಸಿಡಿತಲೆ ಮಾಡುವುದು, ಹಳೆಯದನ್ನು ಬಿಚ್ಚಿ ರಿಪೇರಿ ಮಾಡುವುದು, ನೌಕಾಪಡೆಯ ಜಲಾಂತರ್ಗಾಮಿಗಳ ರಿಯಾಕ್ಟರ್, ಬೇರೆ ದೇಶಗಳಲ್ಲಿರುವ ಯುರೇನಿಯಂ ಕಳ್ಳರ ಕೈಗೆ ಸಿಗದಂತೆ ನೋಡುವುದು, ಎಲ್ಲ ಇವರದೇ. ಇಂಧನ ಇಲಾಖೆಯ ಬಜೆಟ್‌ನಲ್ಲಿ ಹೆಚ್ಚುಕಡಿಮೆ ಅರ್ಧ ಈ ಒಂದೇ ಸಂಸ್ಥೆಗೆ. ಅಂದರೆ ಹೊರಗೆ ಇಂಧನ ಇಲಾಖೆ ಅಂತ ಬೋರ್ಡು, ಒಳಗೆ ಅರ್ಧ ಬಾಂಬ್ ಕಾರ್ಖಾನೆ.

ಈಗ ಹಂಚಿಕೆ ನೋಡಿ. ಈ ಸಂಸ್ಥೆ ಏನು ಮಾಡಬಹುದು, ಏನು ಮಾಡಬಾರದು ಅಂತ ಕಾನೂನು ಬರೆಯುವುದು ಎರಡೂ ಸದನಗಳ ಆರ್ಮ್ಡ್ ಸರ್ವೀಸಸ್ ಸಮಿತಿಗಳು, ಅಂದರೆ ಸೇನೆಯ ವಿಷಯ ನೋಡುವ ಸಮಿತಿಗಳು. ದುಡ್ಡು ಕೊಡುವುದು ಮಾತ್ರ ಇಂಧನ ಮತ್ತು ನೀರಿನ ಉಪಸಮಿತಿಗಳು. ಇಂಧನ ಇಲಾಖೆಯ ಉಳಿದರ್ಧವನ್ನು ನೋಡುವವರು ಮತ್ತೆ ಬೇರೆಯೇ. ಹಾಗಾದರೆ ಏನಾದರೂ ಎಡವಟ್ಟಾದಾಗ ಕೊರಳಪಟ್ಟಿ ಹಿಡಿಯಬೇಕಾದದ್ದು ಯಾರದು? ನನ್ನ ಅಭಿಪ್ರಾಯ ಆಮೇಲೆ. ಮೊದಲು ನೀವು ಹೇಳಿ.

ಮೂರನೇ ಬೆಂಚು

ಒಂದು ದಡ್ಡ ಪ್ರಶ್ನೆ ಸರ್. ಬಾಂಬ್ ಅಂದಮೇಲೆ ರಕ್ಷಣಾ ಇಲಾಖೆಗೇ ಕೊಟ್ಟುಬಿಡಬಹುದಿತ್ತಲ್ವಾ? ಇಂಧನದವರ ಕುತ್ತಿಗೆಗೆ ಯಾಕೆ ಕಟ್ಟಿದರು?

ಹಳೇ ಗುಮಾಸ್ತ

ದಡ್ಡ ಪ್ರಶ್ನೆ ಅಲ್ಲಪ್ಪ, ಕಥೆ ಶುರುವಾಗುವುದೇ ಅಲ್ಲಿಂದ. ಎರಡನೇ ಮಹಾಯುದ್ಧದಲ್ಲಿ ಬಾಂಬ್ ಮಾಡಿದ್ದು ಸೇನೆಯೇ. ಯುದ್ಧ ಮುಗಿದಮೇಲೆ ಅದು ಸೇನೆಯ ಕೈಯಲ್ಲೇ ಇರಬೇಕಾ ಅಂತ ದೊಡ್ಡ ಜಗಳ ನಡೆಯಿತು. 1946ರಲ್ಲಿ ಸೆನೆಟರ್ ಬ್ರಯನ್ ಮೆಕ್‌ಮಹನ್ ತಂದ ಅಣುಶಕ್ತಿ ಕಾಯ್ದೆ ಬಂತು. ಸೇನೆಯಿಂದ ಎಲ್ಲವನ್ನೂ ತೆಗೆದು ಅಣುಶಕ್ತಿ ಆಯೋಗ ಅನ್ನುವ ನಾಗರಿಕ ಸಂಸ್ಥೆಗೆ ಕೊಟ್ಟರು. ಬಾಂಬ್ ಬೇಕು ಅನ್ನುವವನೂ ಬಾಂಬ್ ಮಾಡುವವನೂ ಒಬ್ಬನೇ ಆಗಬಾರದು ಅನ್ನುವುದು ಲೆಕ್ಕ.

ಮುಂದೆ 1974ರ ಕಾಯ್ದೆ ಆ ಆಯೋಗವನ್ನು ಹೋಳು ಮಾಡಿತು. ಅಣು ವಿದ್ಯುತ್ ಸ್ಥಾವರಗಳ ಸುರಕ್ಷತೆ ನೋಡುವ ಕೆಲಸ ಎನ್‌ಆರ್‌ಸಿಗೆ, ಅಂದರೆ ಅಣು ನಿಯಂತ್ರಣ ಆಯೋಗಕ್ಕೆ ಹೋಯಿತು. ಸಂಶೋಧನೆ ಮತ್ತು ಬಾಂಬ್ ಇನ್ನೊಂದು ಸಂಸ್ಥೆಗೆ ಹೋಗಿ, ಅಲ್ಲಿಂದ 1977ರಲ್ಲಿ ಹೊಸದಾಗಿ ಹುಟ್ಟಿದ ಇಂಧನ ಇಲಾಖೆಗೆ ಗಂಟುಮೂಟೆ ಸಮೇತ ಬಂತು.

ಎನ್‌ಎನ್‌ಎಸ್‌ಎ ಆಮೇಲಿನ ಕೂಸು. ಲಾಸ್ ಅಲಾಮೋಸ್ ಪ್ರಯೋಗಾಲಯದಿಂದ ಚೀನಾಕ್ಕೆ ಗುಟ್ಟು ಸೋರಿದೆ ಅಂತ 1999ರಲ್ಲಿ ಗಲಾಟೆ ಎದ್ದಿತು. ಕಾಂಗ್ರೆಸ್ ಸಿಟ್ಟಿಗೆದ್ದು ಇಂಧನ ಇಲಾಖೆಯ ಒಳಗೇ ಒಂದು ಅರೆ ಸ್ವತಂತ್ರ ಸಂಸ್ಥೆ ಕಟ್ಟಿತು. 2000ದ ಮಾರ್ಚ್ 1ರಿಂದ ಕೆಲಸ ಶುರು. ಒಂದು ಮಾತು ಗಮನಿಸಿ, ಅದನ್ನು ಕಟ್ಟಿದ್ದು ಸೇನೆಯ ಸಮಿತಿಗಳು ವರ್ಷಾ ವರ್ಷ ಬರೆಯುವ ರಕ್ಷಣಾ ಮಸೂದೆಯ ಒಂದು ಅಧ್ಯಾಯವಾಗಿ. ಅಂದರೆ ಸೇನೆಯ ಸಮಿತಿಯವರು ಪಕ್ಕದವರ ಮನೆಯೊಳಗೆ ತಮಗೊಂದು ಕೋಣೆ ಕಟ್ಟಿಕೊಂಡರು. ಬೀಗದ ಕೈ ಯಾರ ಹತ್ತಿರ ಅನ್ನುವ ಜಗಳ ಅಂದಿನಿಂದ ನಿಂತೇ ಇಲ್ಲ.

ಸಂಶಯರಾಯ

ಇಷ್ಟೆಲ್ಲ ಯಾಕೆ? ಅಣುವಿಗೆ ಅಂತ ಒಂದೇ ಸಮಿತಿ ಮಾಡಿ. ಕಾನೂನು, ದುಡ್ಡು, ತನಿಖೆ, ಎಲ್ಲ ಅದಕ್ಕೇ ಕೊಡಿ. ಹತ್ತು ಜನ ಸೇರಿದರೆ ಹಾವು ಸಾಯುವುದಿಲ್ಲ ಅನ್ನುತ್ತಾರಲ್ಲ, ಇದು ಅದೇ. ಎಲ್ಲರೂ ದೊಣ್ಣೆ ಹಿಡಿದಿದ್ದಾರೆ, ಹೊಡೆಯುವವನು ಯಾರೂ ಇಲ್ಲ.

ಹಳೇ ಗುಮಾಸ್ತ

ರಾಯರೇ, ನೀವು ಹೇಳಿದ್ದನ್ನು ಅವರು ಮೂವತ್ತು ವರ್ಷ ಮಾಡಿ ನೋಡಿದ್ದಾರೆ. 1946ರ ಅದೇ ಕಾಯ್ದೆಯಲ್ಲಿ ಅಣುಶಕ್ತಿ ಜಂಟಿ ಸಮಿತಿ ಅಂತ ಒಂದನ್ನು ಮಾಡಿದರು. ಸೆನೆಟ್‌ನಿಂದ (ಮೇಲ್ಮನೆ) 9, ಹೌಸ್‌ನಿಂದ (ಕೆಳಮನೆ) 9, ಒಟ್ಟು 18 ಜನ. ಒಂದೊಂದು ಸದನದಿಂದ ಒಂದೇ ಪಕ್ಷದವರು 5ಕ್ಕಿಂತ ಜಾಸ್ತಿ ಇರುವಂತಿಲ್ಲ. ಅಣುವಿನ ಎಲ್ಲ ಮಸೂದೆಗಳೂ ಅಲ್ಲಿಗೇ. ಬೇರೆ ಜಂಟಿ ಸಮಿತಿಗಳು ಸುಮ್ನೆ ವರದಿ ಬರೆದುಕೊಂಡು ಇರುತ್ತವೆ, ಇದಕ್ಕೆ ಮಾತ್ರ ಮಸೂದೆಯನ್ನೇ ಸದನಕ್ಕೆ ತರುವ ಅಧಿಕಾರ. ಅದಕ್ಕೂ ಮೇಲೆ, ಆಯೋಗ ಏನು ಮಾಡುತ್ತಿದೆ ಅನ್ನುವುದನ್ನು ಸಮಿತಿಗೆ ಆಗಿಂದಾಗ್ಗೆ, ಪೂರ್ತಿಯಾಗಿ ತಿಳಿಸುತ್ತಲೇ ಇರಬೇಕು ಅಂತ ಕಾಯ್ದೆಯಲ್ಲೇ ಬರೆದಿದ್ದರು.

ಕೇಳಲು ಚೆನ್ನಾಗಿದೆ ಅಲ್ವಾ? ಆದದ್ದು ಏನು ಅಂದರೆ, ಗುಟ್ಟು ಗೊತ್ತಿದ್ದವರು ಆ 18 ಜನ ಮಾತ್ರ. ಉಳಿದ ಸದಸ್ಯರಿಗೆ ಏನು ಕೇಳಬೇಕು ಅನ್ನುವುದೂ ಗೊತ್ತಿರಲಿಲ್ಲ. ಸಮಿತಿಗೆ ಬಂದವರಲ್ಲಿ ಕೆಲವರ ರಾಜ್ಯಗಳಲ್ಲೇ ಅಣು ಕೇಂದ್ರಗಳಿದ್ದವು. ಕ್ಲಿಂಟನ್ ಆಂಡರ್ಸನ್ ನ್ಯೂ ಮೆಕ್ಸಿಕೋದವರು, ಲಾಸ್ ಅಲಾಮೋಸ್ ಅಲ್ಲೇ. ಹೆನ್ರಿ ಜಾಕ್ಸನ್ ವಾಷಿಂಗ್ಟನ್ ರಾಜ್ಯದವರು, ಹ್ಯಾನ್‌ಫರ್ಡ್ ಅಲ್ಲೇ. ಬರಬರುತ್ತಾ ಸಮಿತಿಯೇ ಆಯೋಗಕ್ಕಿಂತ ಮುಂದೆ ಹೋಗಿ ಇನ್ನೂ ರಿಯಾಕ್ಟರ್ ಕಟ್ಟಿ, ಬೇಗ ಕಟ್ಟಿ ಅಂತ ಒತ್ತಾಯಿಸತೊಡಗಿತು. ಕಾವಲಿಗೆ ಬಂದವನು ಮದುವೆ ದಲ್ಲಾಳಿಯಾದ. 1970ರ ದಶಕದಲ್ಲಿ ಸುರಕ್ಷತೆಯ ಪ್ರಶ್ನೆ ಜೋರಾದಾಗ ಜನ ಆಯೋಗದ ಜೊತೆ ಸಮಿತಿಯನ್ನೂ ನಂಬಲಿಲ್ಲ. 1977ರಲ್ಲಿ ಅದನ್ನು ಮುಚ್ಚಿದರು. ಅದರ ಕೆಲಸವನ್ನು ಚೂರು ಚೂರು ಮಾಡಿ ಹಂಚಿದರು. ಈಗಿನ ಕಲಸುಮೇಲೋಗರ ಯಾರದೋ ಮರೆವಿನಿಂದ ಆದದ್ದಲ್ಲ, ಬೇಕಂತಲೇ ಮಾಡಿದ್ದು.

ಸಂಶಯರಾಯ

ಒಂದು ಸಮಿತಿ ಕೆಟ್ಟಿತು ಅಂತ ಎಂಟು ಸಮಿತಿ ಒಳ್ಳೆಯದು ಅಂತ ಆಗುವುದಿಲ್ಲ ಗುಮಾಸ್ತರೇ.

ಬಿಸಿಲುಕುದುರೆ

ನಾನು ಸುಮ್ಮನೆ ಓದುತ್ತಿದ್ದೆ, ಈಗ ಬಾಯಿ ಹಾಕುತ್ತೇನೆ. ಆ ಚೂರುಗಳು ಹೇಗೆ ಹಂಚಿಹೋದವು ಅನ್ನುವುದಕ್ಕೆ ಸೆನೆಟ್‌ನ ನಿಯಮ ನೋಡಿದರೆ ನಗು ಬರುತ್ತದೆ. ಅಣುಶಕ್ತಿಯ ರಾಷ್ಟ್ರೀಯ ಭದ್ರತೆಯ ವಿಷಯ ಆರ್ಮ್ಡ್ ಸರ್ವೀಸಸ್‌ಗೆ. ಸೇನೆಗೆ ಸೇರದ ಅಭಿವೃದ್ಧಿ ಇಂಧನ ಮತ್ತು ನೈಸರ್ಗಿಕ ಸಂಪನ್ಮೂಲ ಸಮಿತಿಗೆ. ಸೇನೆಗೆ ಸೇರದ ನಿಯಂತ್ರಣ ಪರಿಸರ ಮತ್ತು ಲೋಕೋಪಯೋಗಿ ಸಮಿತಿಗೆ. ಒಂದೇ ಪರಮಾಣು, ಮೂರು ಪಾಲು. ಅಣ್ಣತಮ್ಮಂದಿರು ಪಾಲು ಮಾಡಿಕೊಂಡಮೇಲೆ ಬಾವಿ ಒಂದೇ ಉಳಿಯುತ್ತದಲ್ಲ, ಹಾಗೆ.

ಹೌಸ್‌ನಲ್ಲಿ ಸೇನೆಯ ಪಾಲು ಆರ್ಮ್ಡ್ ಸರ್ವೀಸಸ್‌ಗೆ, ನಾಗರಿಕ ಪಾಲು ಬಹುತೇಕ ಎನರ್ಜಿ ಆ್ಯಂಡ್ ಕಾಮರ್ಸ್ (ಇಂಧನ ಮತ್ತು ವಾಣಿಜ್ಯ) ಸಮಿತಿಗೆ, ಸಂಶೋಧನೆ ವಿಜ್ಞಾನ ಸಮಿತಿಗೆ. ಬೇರೆ ದೇಶದ ಜೊತೆ ಅಣು ಒಪ್ಪಂದ ಅಂದರೆ ವಿದೇಶಾಂಗ ಸಮಿತಿ. ಗೂಢಚಾರಿಕೆ ಅಂದರೆ ಅದಕ್ಕೆ ಇನ್ನೊಂದು.

ನೇಮಕಾತಿ ಇನ್ನೂ ಚೆನ್ನಾಗಿದೆ. ಇಂಧನ ಸಚಿವರ ಹೆಸರು ಬಂದರೆ ಸೆನೆಟ್‌ನ ಇಂಧನ ಸಮಿತಿ ಕೂರಿಸಿಕೊಂಡು ಪ್ರಶ್ನೆ ಕೇಳುತ್ತದೆ. ಅವರ ಕೈಕೆಳಗೆ ಎನ್‌ಎನ್‌ಎಸ್‌ಎ ಮುಖ್ಯಸ್ಥರಾಗುವವರನ್ನು ಕೇಳುವುದು ಆರ್ಮ್ಡ್ ಸರ್ವೀಸಸ್. ಎನ್‌ಆರ್‌ಸಿಯ 5 ಜನ ಕಮಿಷನರ್‌ಗಳನ್ನು ಪರಿಸರ ಸಮಿತಿ. ಹೀಗಾಗಿ ಸಚಿವರಿಗೆ ಗ್ಯಾಸ್, ಕಲ್ಲಿದ್ದಲು, ಸೋಲಾರ್ ಬಗ್ಗೆ ಪ್ರಶ್ನೆ ಬರುತ್ತವೆ, ಆದರೆ ಅವರ ಬಜೆಟ್‌ನ ಅರ್ಧ ಬಾಂಬ್!

ಮೂರನೇ ಬೆಂಚು

ಅಯ್ಯೋ ದೇವರೇ. ಇದನ್ನು ಬರೆದುಕೊಂಡು ಗೋಡೆಗೆ ಅಂಟಿಸಬೇಕು.

ಕಡತಪ್ರಿಯ

ಮೇಡಂ, ಪಾಲುಗಳನ್ನು ಚೆನ್ನಾಗಿ ಬಿಡಿಸಿದಿರಿ. ಈ ಪಾಲುಗಾರಿಕೆ ಸ್ಥಾವರದ ಅಂಗಳದಲ್ಲಿ ಹೇಗೆ ಕಾಣುತ್ತದೆ ಅನ್ನುವುದಕ್ಕೆ ಒಂದು ಘಟನೆ ಹೇಳಬೇಕು. ಸ್ವಲ್ಪ ಉದ್ದ ಆಗುತ್ತದೆ.

ಟೆನೆಸ್ಸಿಯ ಓಕ್ ರಿಜ್‌ನಲ್ಲಿ ವೈ-12 ಅನ್ನುವ ಸ್ಥಾವರ ಇದೆ. ಬಾಂಬಿಗೆ ಬೇಕಾದ ಸಮೃದ್ಧ ಯುರೇನಿಯಂ ದಾಸ್ತಾನು ಅಲ್ಲಿ. 2012ರ ಜುಲೈ 28, ಇನ್ನೂ ಕತ್ತಲೆ. ಮೂವರು ಶಾಂತಿವಾದಿಗಳು ಗುಡ್ಡ ಇಳಿದು ಬಂದರು. ಅವರಲ್ಲಿ ಒಬ್ಬರು ಮೇಗನ್ ರೈಸ್ ಅನ್ನುವ ಕ್ರೈಸ್ತ ಸನ್ಯಾಸಿನಿ, ವಯಸ್ಸು 82. ಕೈಯಲ್ಲಿ ತಂತಿ ಕತ್ತರಿಸುವ ಇಕ್ಕಳ, ಸುತ್ತಿಗೆ, ಬೈಬಲ್, ಮೇಣದಬತ್ತಿ, ಬ್ರೆಡ್ಡು. ಬೇಲಿಗಳನ್ನು ಒಂದೊಂದಾಗಿ ಕತ್ತರಿಸಿ ದಾಸ್ತಾನು ಕಟ್ಟಡದ ಗೋಡೆಯವರೆಗೂ ಹೋದರು. ಗೋಡೆಗೆ ಬಣ್ಣದಲ್ಲಿ ಬರೆದರು, ರಕ್ತ ಎರಚಿದರು, ಸುತ್ತಿಗೆಯಲ್ಲಿ ಕುಟ್ಟಿದರು. ಕಾವಲುಗಾರ ಬಂದಾಗ ಅವನಿಗೂ ಬ್ರೆಡ್ಡು ಕೊಡಲು ಹೋದರು.

ಆಮೇಲೆ ಇಲಾಖೆಯ ತನಿಖಾಧಿಕಾರಿಗಳು ವರದಿ ಬರೆದರು. ಕುಟ್ಟುವ ಸದ್ದು ಒಳಗಿದ್ದ ಕಾವಲಿನವರಿಗೆ ಕೇಳಿಸಿತ್ತು. ರಿಪೇರಿಯವರು ಬಂದಿರಬೇಕು ಅಂದುಕೊಂಡರು! ನೋಡಬೇಕಾದ ಜಾಗದ ಕ್ಯಾಮೆರಾ ತಿಂಗಳುಗಟ್ಟಲೆ ಕೆಟ್ಟಿತ್ತು. ಯಾಕೆ ಸರಿಮಾಡಿಸಿರಲಿಲ್ಲ? ಕಾವಲು ಒಬ್ಬ ಗುತ್ತಿಗೆದಾರನದು, ಕ್ಯಾಮೆರಾ ರಿಪೇರಿ ಇನ್ನೊಬ್ಬ ಗುತ್ತಿಗೆದಾರನದು. ಕಾವಲಿನವರು ಕೆಟ್ಟಿದೆ ಅಂತ ಹೇಳಬಹುದು, ರಿಪೇರಿಗೆ ಯಾವುದನ್ನು ಮೊದಲು ತೆಗೆದುಕೊಳ್ಳಬೇಕು ಅನ್ನುವುದು ಅವರ ಕೈಯಲ್ಲಿಲ್ಲ. ಸರ್ಕಾರಿ ಅಧಿಕಾರಿಗಳು ಗುತ್ತಿಗೆದಾರರು ನೋಡಿಕೊಳ್ಳುತ್ತಾರೆ ಅಂತ ಸುಮ್ಮನಿದ್ದರು.

ಇನ್ನು ಕಾಂಗ್ರೆಸ್. ಒಂದೂವರೆ ತಿಂಗಳಲ್ಲಿ ಎನರ್ಜಿ ಆ್ಯಂಡ್ ಕಾಮರ್ಸ್‌ನ ತನಿಖಾ ಉಪಸಮಿತಿ ವಿಚಾರಣೆಗೆ ಕರೆಯಿತು. ಆರ್ಮ್ಡ್ ಸರ್ವೀಸಸ್‌ನ ಉಪಸಮಿತಿಯೂ ಬೇರೆಯಾಗಿ ಕರೆಯಿತು. ಅವೇ ಅಧಿಕಾರಿಗಳು, ಹೆಚ್ಚುಕಡಿಮೆ ಅದೇ ಉತ್ತರ. ಮೊದಲಿನ ವಿಚಾರಣೆಯಲ್ಲಿ ಮೇಗನ್ ರೈಸ್ ಪ್ರೇಕ್ಷಕರ ಸಾಲಿನಲ್ಲೇ ಕೂತಿದ್ದರು. ಟೆಕ್ಸಾಸ್‌ನ ಸದಸ್ಯ ಜೋ ಬಾರ್ಟನ್ ಅವರನ್ನು ಎದ್ದು ನಿಲ್ಲಲು ಹೇಳಿ, ನಮ್ಮ ಭದ್ರತೆಯ ತೂತು ತೋರಿಸಿಕೊಟ್ಟಿರಿ ಅಂತ ಧನ್ಯವಾದ ಹೇಳಿದರು. ಅದೇ ಅಜ್ಜಿಗೆ ಆಮೇಲೆ ಕೋರ್ಟು 35 ತಿಂಗಳ ಜೈಲು ಕೊಟ್ಟಿತು. ಮೇಲ್ಮನವಿಯಲ್ಲಿ ಮುಖ್ಯ ಆರೋಪ ಬಿದ್ದುಹೋಗಿ 2015ರಲ್ಲಿ ಬಿಡುಗಡೆ ಆಯಿತು.

ನನಗೆ ಕಾಡುವುದು ಅಜ್ಜಿ ಅಲ್ಲ, ಆ ಕ್ಯಾಮೆರಾ. ಎರಡು ಸಮಿತಿ ವಿಚಾರಣೆ ಮಾಡಿದವು, ಸರಿ. ಅದಕ್ಕೆ ಮುಂಚೆ ಕ್ಯಾಮೆರಾ ಕೆಟ್ಟಿದೆಯಾ ಅಂತ ಕೇಳುವುದು ಯಾವ ಸಮಿತಿಯ ಪಾಲಿಗೆ ಬರುತ್ತಿತ್ತು?

ಸಂಶಯರಾಯ

ನೋಡಿ, ನಾನು ಹೇಳಿದ್ದೂ ಅದೇ. ಪಾಲು ಮಾಡಿದ್ದಕ್ಕೇ ಹೀಗಾಯಿತು.

ಹಳೇ ಗುಮಾಸ್ತ

ಸ್ವಲ್ಪ ತಡೆಯಿರಿ. ಹೋಲಿಕೆ ಚೆನ್ನಾಗಿದೆ, ಪೂರ್ತಿ ಸರಿ ಇಲ್ಲ. ಗುತ್ತಿಗೆದಾರರ ಕೆಲಸ ಕ್ಯಾಮೆರಾ ನಡೆಸುವುದು. ಸಮಿತಿಯ ಕೆಲಸ ಕ್ಯಾಮೆರಾ ನಡೆಸುವುದಲ್ಲ, ನಡೆಸುವವನನ್ನು ಎಬ್ಬಿಸುವುದು. ಎಬ್ಬಿಸಲು ಇಬ್ಬರಿದ್ದರೆ ತಪ್ಪೇನು? ಒಬ್ಬ ಮಲಗಿದರೂ ಇನ್ನೊಬ್ಬ ಇರುತ್ತಾನೆ.

ಒಂದು ಕಥೆ ನಾನೂ ಹೇಳುತ್ತೇನೆ. ಬುಷ್ ಸರ್ಕಾರಕ್ಕೆ ನೆಲದಾಳದ ಬಂಕರ್ ಒಡೆಯುವ ಅಣುಬಾಂಬ್ ಬೇಕಿತ್ತು. 2005ರ ಹಣಕಾಸು ವರ್ಷಕ್ಕೆ 2.76 ಕೋಟಿ ಡಾಲರ್ ಕೇಳಿದರು. ಅವರ ಲೆಕ್ಕದಲ್ಲಿ ಚಿಲ್ಲರೆ. ಹೌಸ್‌ನಲ್ಲಿ ರಕ್ಷಣಾ ಮಸೂದೆ ಬಂದಾಗ ಇದನ್ನು ಕೈಬಿಡಬೇಕು ಅನ್ನುವ ತಿದ್ದುಪಡಿ ಸೋತುಹೋಯಿತು. ಕಾನೂನಿನ ಕಡೆಯಿಂದ ದಾರಿ ಸಲೀಸು. ಇನ್ನೇನು, ದುಡ್ಡು ಬರಬೇಕು. ಹೌಸ್‌ನ ಇಂಧನ ಮತ್ತು ನೀರಿನ ಉಪಸಮಿತಿಯ ಅಧ್ಯಕ್ಷ ಓಹಾಯೋದ ಡೇವಿಡ್ ಹಾಬ್ಸನ್. ಬುಷ್ ಅವರ ಪಕ್ಷದವರೇ, ರಿಪಬ್ಲಿಕನ್. ಅವರು ಆ ಸಾಲಿಗೆ ಸೊನ್ನೆ ಬರೆದರು. ಅಂತಿಮ ಮಸೂದೆಯಲ್ಲೂ ಸೊನ್ನೆಯೇ ಉಳಿಯಿತು. ಮರುವರ್ಷ ಇನ್ನೂ ಕಡಿಮೆ ಕೇಳಿ ನೋಡಿದರು, ಆಗಲೂ ದಕ್ಕಲಿಲ್ಲ, 2005ರ ಅಕ್ಟೋಬರ್‌ನಲ್ಲಿ ಕೈಬಿಟ್ಟರು. 2008ರ ಹಣಕಾಸು ವರ್ಷದಲ್ಲಿ ಹೊಸ ಬಗೆಯ ಸಿಡಿತಲೆಗೆ 8.88 ಕೋಟಿ ಕೇಳಿದಾಗಲೂ ಇದೇ ಉಪಸಮಿತಿ ಅಡ್ಡಬಂತು. ಆಗ ಅಧ್ಯಕ್ಷರು ಡೆಮಾಕ್ರಾಟ್ ಪೀಟರ್ ವಿಸ್ಕ್ಲೋಸ್ಕಿ, ಎದುರು ಪಕ್ಷದ ಹಿರಿಯ ಸದಸ್ಯರಾಗಿ ಅದೇ ಹಾಬ್ಸನ್. ಮತ್ತೆ ಸೊನ್ನೆ.

ಈ ಬಾಂಬ್‌ಗಳು ಬೇಕಿತ್ತೋ ಬೇಡವೋ, ಅದು ಬೇರೆ ಜಗಳ. ಆದರೆ ಸೇನೆಯ ಸಮಿತಿಯಲ್ಲಿ ಕೂತವರಿಗೆ ಆಯುಧ ಕಂಡರೆ ಬೇಡ ಅನ್ನುವುದು ಕಷ್ಟ. ಅಣೆಕಟ್ಟಿನ ಸಮಿತಿಯಲ್ಲಿ ಕೂತವನಿಗೆ ಆ ದಾಕ್ಷಿಣ್ಯ ಇಲ್ಲ. ಈ ದುಡ್ಡಿನಲ್ಲಿ ಎಷ್ಟು ಬಂದರಿನ ಹೂಳೆತ್ತಬಹುದು ಅಂತ ಅವನ ತಲೆಯಲ್ಲಿ ಓಡುತ್ತಿರುತ್ತದೆ. ನೀವು ನಕ್ಕ ಅಣೆಕಟ್ಟಿನ ಸಮಿತಿಯೇ ಇಲ್ಲಿ ಗಟ್ಟಿಯಾಗಿ ಲೆಕ್ಕ ಕೇಳಿದ್ದು.

ಮೂರನೇ ಬೆಂಚು

ಹಾಗಾದರೆ ಕಾನೂನು ಮಾಡುವ ಸಮಿತಿ ಹೂಂ ಅಂದರೂ ದುಡ್ಡಿನ ಸಮಿತಿ ಊಹೂಂ ಅಂದರೆ ಮುಗೀತಾ? ಮತ್ತೆ ಮೊದಲನೆಯವರು ಯಾತಕ್ಕೆ?

ಬಿಸಿಲುಕುದುರೆ

ಅವರೂ ಸುಮ್ಮನೆ ಕೂರುವವರಲ್ಲ. ಅವರ ಆಯುಧ ಬೇರೆ. ವರ್ಷಾ ವರ್ಷ ತಪ್ಪದೇ ಪಾಸಾಗುವ ಮಸೂದೆ ಅಂದರೆ ಆ ರಕ್ಷಣಾ ಮಸೂದೆ. ಖರ್ಚಿನ ಮಸೂದೆ ಎಷ್ಟೋ ವರ್ಷ ತಡವಾಗಿ, ಎಲ್ಲ ಒಟ್ಟಿಗೆ ಗಂಟು ಕಟ್ಟಿ ಬರುತ್ತದೆ. ಹೀಗಾಗಿ ಆರ್ಮ್ಡ್ ಸರ್ವೀಸಸ್‌ನವರು ಕಾನೂನಿನಲ್ಲೇ ಗಡುವು ಬರೆಯುತ್ತಾರೆ. ಉದಾಹರಣೆಗೆ ಪ್ಲುಟೋನಿಯಂ ಪಿಟ್. ಸಿಡಿತಲೆಯ ಒಳಗಿನ ತಿರುಳು ಅದು. 2030ರ ಹೊತ್ತಿಗೆ ವರ್ಷಕ್ಕೆ 80 ಪಿಟ್ ಮಾಡಬೇಕು ಅಂತ ಕಾನೂನೇ ಹೇಳುತ್ತದೆ. 30 ಲಾಸ್ ಅಲಾಮೋಸ್‌ನಲ್ಲಿ, 50 ಸೌತ್ ಕೆರೊಲಿನಾದ ಸವಾನಾ ರಿವರ್‌ನಲ್ಲಿ ಅನ್ನುವುದು ಯೋಜನೆ. 2030ಕ್ಕೆ ಆಗುವುದಿಲ್ಲ ಅಂತ ಎನ್‌ಎನ್‌ಎಸ್‌ಎಯೇ ಒಪ್ಪಿಕೊಂಡಿದೆ. ಆದರೂ ಅಂಕಿ ಕಾನೂನಿನಲ್ಲಿ ಕೂತಿದೆ. ಗಡುವು ಬರೆದವರು ಒಂದು ಸಮಿತಿ, ಹಣ ಹೊಂದಿಸಬೇಕಾದವರು ಇನ್ನೊಂದು. ಹೊಂದದಿದ್ದಾಗ ಇಬ್ಬರೂ ಸಂಸ್ಥೆಯನ್ನು ಬೈಯಬಹುದು.

ಸಂಶಯರಾಯ

ಸವಾನಾ ರಿವರ್ ಅಂದಿರಿ, ಆ ಕಟ್ಟಡದ ಕಥೆಯನ್ನೂ ಹೇಳಿ. ನನ್ನ ವಾದಕ್ಕೆ ಬೇಕು.

ಬಿಸಿಲುಕುದುರೆ

ಹೇಳುತ್ತೇನೆ, ನಿಮ್ಮ ವಾದಕ್ಕೆ ಅಲ್ಲ. ಹೆಚ್ಚಾಗಿ ಉಳಿದ ಬಾಂಬಿನ ಪ್ಲುಟೋನಿಯಂ ಅನ್ನು ವಿದ್ಯುತ್ ಸ್ಥಾವರದ ಇಂಧನ ಮಾಡುತ್ತೇವೆ ಅಂತ 2007ರಲ್ಲಿ ಅಲ್ಲಿ ಮಾಕ್ಸ್ ಸ್ಥಾವರ ಕಟ್ಟಲು ಶುರುಮಾಡಿದರು. ಅಂದಾಜು 480 ಕೋಟಿ ಡಾಲರ್. 2016ರ ಹೊತ್ತಿಗೆ ಇಂಧನ ಇಲಾಖೆಯ ಅಂದಾಜೇ 1,700 ಕೋಟಿ ದಾಟಿತು. ಇಲಾಖೆ ನಿಲ್ಲಿಸುತ್ತೇವೆ ಅನ್ನುತ್ತದೆ, ಆ ರಾಜ್ಯದ ಸೆನೆಟರ್ ಲಿಂಡ್ಸೆ ಗ್ರಹಾಂ ಬಿಡುವುದಿಲ್ಲ. ವರ್ಷಾ ವರ್ಷ ಅದೇ. ನಿಲ್ಲಿಸಬೇಕು ಅನ್ನುವವರು ಕಟ್ಟುವುದಕ್ಕೇ ದುಡ್ಡು ಪಡೆಯುತ್ತಾ ಹೋದರು. ಕೊನೆಗೆ ರಕ್ಷಣಾ ಮಸೂದೆಯಲ್ಲಿ ಒಂದು ಕಿಂಡಿ ಬಿಟ್ಟರು. ಬೇರೆ ದಾರಿಯಲ್ಲಿ ಹೋದರೆ ಖರ್ಚು ಅರ್ಧಕ್ಕಿಂತ ಕಡಿಮೆ ಅಂತ ಸಚಿವರು ಬರೆದುಕೊಟ್ಟರೆ ನಿಲ್ಲಿಸಬಹುದು. 2018ರ ಮೇನಲ್ಲಿ ಸಚಿವ ರಿಕ್ ಪೆರಿ ಬರೆದುಕೊಟ್ಟರು. ಅಕ್ಟೋಬರ್‌ನಲ್ಲಿ ಗುತ್ತಿಗೆ ರದ್ದು. ಅರ್ಧ ಎದ್ದ ಅದೇ ಕಟ್ಟಡದಲ್ಲಿ ಈಗ ಪಿಟ್ ಮಾಡುತ್ತಾರಂತೆ! ಅಲ್ಲೇ ಉಳಿದ ಪ್ಲುಟೋನಿಯಂ ಬಗ್ಗೆ ರಾಜ್ಯ ಕೇಸು ಹಾಕಿತ್ತಲ್ಲ, 2020ರಲ್ಲಿ 60 ಕೋಟಿ ಡಾಲರ್ ಕೊಟ್ಟು ರಾಜಿಯಾದರು.

ರಾಯರೇ, ಒಂದೇ ಸಮಿತಿ ಇದ್ದು ಅದಕ್ಕೆ ಗ್ರಹಾಂ ಅಧ್ಯಕ್ಷರಾಗಿದ್ದರೆ? ಆ ಸ್ಥಾವರ ಇವತ್ತೂ ಕಟ್ಟುತ್ತಲೇ ಇರುತ್ತಿತ್ತು.

ಸಂಶಯರಾಯ

ಒಪ್ಪಿದೆ. ಆದರೆ ಹತ್ತು ವರ್ಷ ಹಿಡಿಯಿತಲ್ಲ ಮೇಡಂ. ಅದೂ ಲೆಕ್ಕಕ್ಕೆ ಬರಬೇಕು.

ನಿದ್ದೆಗೇಡಿ

ನಮ್ಮಲ್ಲಿ ಹೇಗೆ ಇದು? ಅಣುಶಕ್ತಿ ಇಲಾಖೆ ನೇರ ಪ್ರಧಾನಿ ಕೈಕೆಳಗೆ ಅಲ್ವಾ?

ಕಡತಪ್ರಿಯ

ಹೌದು. ಆದರೆ ಅದಕ್ಕೆ ಬೇರೆಯೇ ಚರ್ಚೆ ಶುರುಮಾಡಿ ದಯವಿಟ್ಟು. ಇಲ್ಲಿ ಬೆರೆಸಿದರೆ ಎರಡೂ ಹಾಳಾಗುತ್ತವೆ.

ನಾನು 2020ರದ್ದು ಹೇಳಬೇಕು ಅಂತಿದ್ದೆ. ಅದರಲ್ಲಿ ಎಲ್ಲ ಸಮಿತಿಗಳೂ ಒಂದೇ ವೇದಿಕೆ ಮೇಲೆ ಬರುತ್ತವೆ. ಎನ್‌ಎನ್‌ಎಸ್‌ಎ ಮುಖ್ಯಸ್ಥೆ ಲಿಸಾ ಗಾರ್ಡನ್-ಹ್ಯಾಗರ್ಟಿ, ಅವರ ಮೇಲೆ ಇಂಧನ ಸಚಿವ ಡ್ಯಾನ್ ಬ್ರೂಯೆಟ್. ಮುಂದಿನ ವರ್ಷದ ಬಜೆಟ್‌ಗೆ ಎಷ್ಟು ಕೇಳಬೇಕು ಅಂತ ಇವರಿಬ್ಬರ ನಡುವೆಯೇ ಎಳೆದಾಟ. ಸೆನೆಟ್ ಆರ್ಮ್ಡ್ ಸರ್ವೀಸಸ್ ಅಧ್ಯಕ್ಷ ಜೇಮ್ಸ್ ಇನ್‌ಹೋಫ್ ನೇರ ಅಧ್ಯಕ್ಷ ಟ್ರಂಪ್ ಹತ್ತಿರ ಹೋಗಿ ಜಾಸ್ತಿ ಅಂಕಿಯ ಪರ ನಿಂತರು. 1,980 ಕೋಟಿ ಡಾಲರ್ ಗಟ್ಟಿಯಾಯಿತು. ಹಿಂದಿನ ವರ್ಷಕ್ಕಿಂತ ಸುಮಾರು 300 ಕೋಟಿ ಜಾಸ್ತಿ. ರಕ್ಷಣೆಯ ಒಟ್ಟು ಮಿತಿ ಒಂದೇ ಆದ್ದರಿಂದ ಅದು ಬೇರೆಲ್ಲೋ ಕಡಿಮೆ ಆಗಲೇಬೇಕು. ನೌಕಾಪಡೆ ಕೇಳಬೇಕಿದ್ದ ಎರಡು ವರ್ಜೀನಿಯಾ ದರ್ಜೆಯ ಜಲಾಂತರ್ಗಾಮಿಗಳಲ್ಲಿ ಒಂದು ಬಜೆಟ್‌ನಿಂದ ಮಾಯ!

ಜಲಾಂತರ್ಗಾಮಿ ಕಟ್ಟುವ ರಾಜ್ಯಗಳವರು ಬಿಡುತ್ತಾರಾ? ಕೊನೆಗೆ ಕಾಂಗ್ರೆಸ್ ಇಬ್ಬರಿಗೂ ಕೊಟ್ಟಿತು. ಸಂಸ್ಥೆಗೆ ಕೇಳಿದಷ್ಟು ಹೆಚ್ಚುಕಡಿಮೆ ಪೂರ್ತಿ, ಜಲಾಂತರ್ಗಾಮಿಯೂ ವಾಪಸ್.

ಇನ್‌ಹೋಫ್ ಅಲ್ಲಿಗೆ ನಿಲ್ಲಲಿಲ್ಲ. ರಕ್ಷಣಾ ಮತ್ತು ಇಂಧನ ಇಲಾಖೆಗಳ ಅಧಿಕಾರಿಗಳು ಕೂರುವ ಅಣ್ವಸ್ತ್ರ ಮಂಡಳಿ ಅಂತ ಒಂದಿದೆ. ಎನ್‌ಎನ್‌ಎಸ್‌ಎ ಬಜೆಟ್‌ನಲ್ಲಿ ಆ ಮಂಡಳಿಯ ಮಾತು ಇನ್ನಷ್ಟು ನಡೆಯಬೇಕು ಅಂತ ರಕ್ಷಣಾ ಮಸೂದೆಯಲ್ಲಿ ಸೇರಿಸಿದರು. ಸಚಿವರು ವಿರೋಧಿಸಿದರು. ಎನರ್ಜಿ ಆ್ಯಂಡ್ ಕಾಮರ್ಸ್‌ನವರು ನಮ್ಮ ಇಲಾಖೆಗೆ ಕೈಹಾಕಬೇಡಿ ಅಂತ ಎದ್ದರು. ಅಂತಿಮ ಮಸೂದೆಯಲ್ಲಿ ಅದು ತೆಳುವಾಯಿತು. ಆ ನವೆಂಬರ್‌ನಲ್ಲಿ ಗಾರ್ಡನ್-ಹ್ಯಾಗರ್ಟಿ ರಾಜೀನಾಮೆ ಕೊಟ್ಟರು.

ಈಗ ನನ್ನ ಅಭಿಪ್ರಾಯ. ದುಡ್ಡಿನ ವಿಷಯದಲ್ಲಿ ಈ ಹಂಚಿಕೆ ಕೆಲಸ ಮಾಡುತ್ತದೆ. ಗಲಾಟೆ ಆಗುತ್ತದೆ, ಆದರೆ ಗಲಾಟೆ ಆದದ್ದಕ್ಕೇ ನಮಗೆ ಇಷ್ಟು ಗೊತ್ತಾಯಿತು. ದುಡ್ಡು ಅಂದರೆ ಎಲ್ಲರಿಗೂ ನಮ್ಮದು ಅನಿಸುತ್ತದೆ. ಕೆಟ್ಟ ಕ್ಯಾಮೆರಾ ಯಾರಿಗೂ ನಮ್ಮದು ಅನಿಸುವುದಿಲ್ಲ. ನನ್ನ ತಕರಾರು ಇರುವುದು ಅಷ್ಟಕ್ಕೇ.

ಹಳೇ ಗುಮಾಸ್ತ

ಅದಕ್ಕೆ ಒಂದು ಮದ್ದು ಇದೆ ಮಾರಾಯ್ರೆ, ಯಾರೂ ಅದರ ಹೆಸರು ಎತ್ತಲಿಲ್ಲ. ರಕ್ಷಣಾ ಅಣು ಸ್ಥಾವರಗಳ ಸುರಕ್ಷತಾ ಮಂಡಳಿ. 1988ರಲ್ಲಿ ಕಾಂಗ್ರೆಸ್ ಮಾಡಿದ್ದು. 5 ಜನ ತಜ್ಞರು. ಅವರ ಇನ್‌ಸ್ಪೆಕ್ಟರ್‌ಗಳು ಲಾಸ್ ಅಲಾಮೋಸ್, ಓಕ್ ರಿಜ್‌ನಂಥ ಕಡೆ ಅಲ್ಲೇ ಠಿಕಾಣಿ ಹೂಡಿರುತ್ತಾರೆ. ಗಾಳಿ ಸೋಸುವ ಫಿಲ್ಟರ್ ಯಾವಾಗಿನದು, ಪ್ಲುಟೋನಿಯಂ ಪೆಟ್ಟಿಗೆಯನ್ನು ಎಷ್ಟು ಎತ್ತರದಲ್ಲಿ ಜೋಡಿಸಿದ್ದಾರೆ, ಇಂಥದ್ದು ನೋಡುವವರು ಅವರು. ಆಜ್ಞೆ ಮಾಡುವ ಅಧಿಕಾರ ಇಲ್ಲ. ಶಿಫಾರಸು ಮಾಡಿದರೆ ಸಚಿವರು ಎಲ್ಲರ ಮುಂದೆ ಉತ್ತರ ಕೊಡಬೇಕು, ಅಷ್ಟೇ. ಆದರೆ ಆ ಅಷ್ಟೇ ಸಾಕು ಎಷ್ಟೋ ಸಲ.

2018ರಲ್ಲಿ ಇಂಧನ ಇಲಾಖೆ ಒಂದು ಆದೇಶ ಹೊರಡಿಸಿ ಮಂಡಳಿಯವರು ಎಲ್ಲಿಗೆ ಹೋಗಬಹುದು, ಯಾವ ಕಾಗದ ನೋಡಬಹುದು ಅನ್ನುವುದಕ್ಕೆ ಬೇಲಿ ಹಾಕಲು ಹೋಯಿತು. ಮಂಡಳಿ ಬಹಿರಂಗ ಸಭೆ ನಡೆಸಿ ಆಕ್ಷೇಪ ಎತ್ತಿತು. 2019ರ ಡಿಸೆಂಬರ್‌ನಲ್ಲಿ ಬಂದ ರಕ್ಷಣಾ ಮಸೂದೆಯಲ್ಲಿ ಆರ್ಮ್ಡ್ ಸರ್ವೀಸಸ್‌ನವರು ಆ ಬೇಲಿಯನ್ನು ಕಿತ್ತರು. ಆಯುಧ ಕಂಡರೆ ಬೇಡ ಅನ್ನಲಾರರು ಅಂತ ನಾನೇ ಬೈದ ಸಮಿತಿ. ಹಾಗಾಗಿ ಆ ಮಾತನ್ನು ಸ್ವಲ್ಪ ವಾಪಸ್ ತೆಗೆದುಕೊಳ್ಳುತ್ತೇನೆ.

ಮೂರನೇ ಬೆಂಚು

ಆ ಮಂಡಳಿಗೆ ದುಡ್ಡು ಕೊಡುವುದು ಯಾರು?

ಹಳೇ ಗುಮಾಸ್ತ

ಇಂಧನ ಮತ್ತು ನೀರು.

ಮೂರನೇ ಬೆಂಚು

😂😂

ಸಂಶಯರಾಯ

ಸರಿ, ಒಂದೇ ಸಮಿತಿ ಅನ್ನುವ ವಾದವನ್ನು ಬಿಟ್ಟೆ. ಆದರೆ ಇವರು ಒಟ್ಟಿಗೆ ಕೂರುವುದಕ್ಕೆ ಏನು ರೋಗ? ವರ್ಷಕ್ಕೆ ಒಂದು ಸಲ ಕಾನೂನಿನವರು, ದುಡ್ಡಿನವರು ಒಂದೇ ಕೋಣೆಯಲ್ಲಿ ಸಂಸ್ಥೆಯ ಮುಖ್ಯಸ್ಥರನ್ನು ಕೂರಿಸಿಕೊಂಡು ಕೇಳಲಿ.

ಬಿಸಿಲುಕುದುರೆ

ಆ ಧಾಟಿಯ ಸಲಹೆ ಬಂದಿತ್ತು. ಕಾಂಗ್ರೆಸ್ಸೇ ನೇಮಿಸಿದ ಒಂದು ತಂಡ, ನಾರ್ಮನ್ ಆಗಸ್ಟಿನ್ ಮತ್ತು ನಿವೃತ್ತ ಅಡ್ಮಿರಲ್ ರಿಚರ್ಡ್ ಮೀಸ್ ಅದರ ಮುಖ್ಯಸ್ಥರು, 2014ರ ಕೊನೆಗೆ ವರದಿ ಕೊಟ್ಟಿತು. ಅರೆ ಸ್ವತಂತ್ರ ಅನ್ನುವ ಪ್ರಯೋಗ ಫಲಿಸಲಿಲ್ಲ, ಸಂಸ್ಥೆಯನ್ನು ಪೂರ್ತಿಯಾಗಿ ಇಲಾಖೆಯೊಳಗೇ ಸೇರಿಸಿ, ಇಲಾಖೆಯ ಹೆಸರನ್ನೇ 'ಇಂಧನ ಮತ್ತು ಅಣು ಭದ್ರತೆ' ಅಂತ ಬದಲಿಸಿ, ಸಮಿತಿಗಳು ಒಬ್ಬರಿಗೊಬ್ಬರು ಹೊಂದಿಕೊಂಡು ಕೆಲಸ ಮಾಡಲಿ ಅಂತ ಹೇಳಿತು. ಹೆಸರು ಹಾಗೇ ಇದೆ. ಸಂಸ್ಥೆಯೂ ಹಾಗೇ ಇದೆ. ತನ್ನ ಪಾಲು ಬಿಟ್ಟುಕೊಡಿ ಅಂತ ಹೇಳುವ ವರದಿಯನ್ನು ಯಾವ ಸಮಿತಿ ಎತ್ತಿಹಿಡಿಯುತ್ತದೆ ಹೇಳಿ?

ಕಡತಪ್ರಿಯ

ಮೇಡಂ ಹೇಳಿದಮೇಲೆ ಆ ವರದಿ ಓದಬೇಕು ಅನಿಸಿದೆ. ಮುಂದಿನ ಖರ್ಚಿನ ಮಸೂದೆ ಬಂದಾಗ ಪಿಟ್‌ಗೆ ಎಷ್ಟು, ಹೂಳೆತ್ತಲು ಎಷ್ಟು ಅಂತ ನೋಡಿ ಇಲ್ಲೇ ಹಾಕುತ್ತೇನೆ. ಬೆಂಚಿನವರೇ, ಗೋಡೆಗೆ ಅಂಟಿಸುವ ಚಾರ್ಟು ಎಲ್ಲಿಗೆ ಬಂತು?

ಮೂರನೇ ಬೆಂಚು

ಬರೆದೆ ಸರ್. ಬಾಣದ ಗುರುತು ಹಾಕುತ್ತಾ ಹಾಕುತ್ತಾ ಹಾಳೆ ಸಾಲದೆ ಹಿಂಬದಿಗೆ ಹೋಗಿದ್ದೇನೆ. ನೌಕಾಪಡೆಯ ರಿಯಾಕ್ಟರ್ ಯಾವ ಕಡೆ ಬರೆಯಲಿ, ಮುಂದೆಯಾ ಹಿಂದೆಯಾ?